ನಾಲ್ಕು ಸಾವಿರದ ಔಟ್

ತೊಕುನಾಗ ಬ್ಯಾಟು ಹಿಡಿದು ಬಂದು ಹೆಲ್ಮೆಟ್ ಮುಟ್ಟಿ ನನಗೆ ತಲೆಬಾಗಿದ. ನಲವತ್ತು ವಯಸ್ಸು, ಎಡ ಮೊಣಕಾಲು ಸರಿಯಾಗಿ ಮಡಚುತ್ತಿರಲಿಲ್ಲ. ಒಕಾಯಾಮಾದಲ್ಲಿ ಅದು ಬೇಸ್‌ಬಾಲ್ ಋತುವಿನ ಕೊನೆಯ ಪಂದ್ಯ, ಅವನಿಗೆ ಆಟದ್ದೇ ಕೊನೆ. ನಾನು ಅಂಪೈರ್.

ಹದಿನೇಳು ವರ್ಷ ಹೆಚ್ಚಾಗಿ ಬೆಂಚಿನಲ್ಲೇ ಕೂತು, ಕರೆದಾಗ ಎದ್ದು ಹೊಡೆದವನು. ಸರಾಸರಿ ನೋಡಿದರೆ ಸಾರ್ವಕಾಲಿಕ ಬ್ಯಾಟರುಗಳಲ್ಲಿ ಇಪ್ಪತ್ತಾರನೆಯ ಜಾಗ ಅವನದು. ಆದರೆ ನಾಲ್ಕು ಸಾವಿರ ಸರದಿ ಆಡದವರ ಹೆಸರು ಆ ಪಟ್ಟಿಗೆ ಸೇರುವುದಿಲ್ಲ. ಅವನು ಆಡಿದ್ದು ಒಂದು ಕಡಿಮೆ. ಹೊಡೆದರೂ ಸರಿ, ಒಳ್ಳೆಯ ಚೆಂಡು ಬಿಟ್ಟೋ ಬೀಸಿ ತಪ್ಪಿಯೋ ಮೂರು ಸ್ಟ್ರೈಕಾಗಿ ಔಟಾದರೂ ಸರಿ, ಸರದಿ ಲೆಕ್ಕಕ್ಕೆ ಸೇರುತ್ತದೆ. ನಾಲ್ಕು ಕೆಟ್ಟ ಚೆಂಡು ಬಂದು ಪುಕ್ಕಟೆ ಮೊದಲ ಬೇಸ್‌ಗೆ ನಡೆದರೆ ಮಾತ್ರ ಲೆಕ್ಕಕ್ಕಿಲ್ಲ. ಹಿಂದಿನ ದಿನ ಹಾಗೇ ಆಗಿತ್ತು. ಅದಕ್ಕೂ ಹಿಂದಿನ ದಿನ ಚೆಂಡು ಭುಜಕ್ಕೆ ಬಡಿದಿತ್ತು. ಅದೂ ಲೆಕ್ಕಕ್ಕೆ ಬರಲಿಲ್ಲ.

ನಿವೃತ್ತನಾಗುವವನಿಗೆ ನೇರ ಚೆಂಡು ಹಾಕುವುದು ನಮ್ಮಲ್ಲಿ ಪದ್ಧತಿ. ಚೆಂಡೆಸೆಯುವ ಎದುರಾಳಿ ಪಿಚರ್ ನಿಷಿಗಾಕಿಗೆ ಹತ್ತೊಂಬತ್ತು. ಗೌರವ ತೋರಿಸುವ ಆತುರದಲ್ಲಿ ಅವನ ಕೈ ಮರಗಟ್ಟಿತು. ಮೊದಲನೆಯದು ತಲೆಯ ಮೇಲೆ, ಎರಡನೆಯದು ಮಣ್ಣಿಗೆ, ಮೂರನೆಯದು ಒಂದು ಮೊಳ ಹೊರಗೆ. ಇನ್ನೊಂದು ಹಾಗೇ ಬಂದರೆ ಈ ಸರದಿಯೂ ಲೆಕ್ಕಕ್ಕಿಲ್ಲ.

ನನ್ನ ಮುಂದೆ ಕುಕ್ಕರಿಸಿದ್ದ ಕ್ಯಾಚರ್ ಇಷಿಮೊರಿ ಮುಖವಾಡದೊಳಗಿಂದ ಗೊಣಗಿದ. "ಅಂಪೈರ್ ಸಾನ್, ಮುಂದಿನದು ಎಲ್ಲಿ ಬಿದ್ರೂ ಸ್ಟ್ರೈಕ್ ಅಂದ್ಬಿಡಿ. ಯಾರು ಕೇಳ್ತಾರೆ?"

"ನೀನು ಚೆಂಡು ಹಿಡಿಯೋದು ನೋಡ್ಕೋ."

ಹಾಗೆಂದೆನೇ ಹೊರತು, ಆ ಯೋಚನೆ ನನಗೂ ಬಂದಿತ್ತು. ಇಪ್ಪತ್ತೆರಡು ವರ್ಷದಲ್ಲಿ ಬೇಕೆಂದೇ ತಪ್ಪು ತೀರ್ಪು ಕೊಟ್ಟವನಲ್ಲ.

ತೊಕುನಾಗ ತಿರುಗದೆಯೇ ಹೇಳಿದ, "ಅವರಿಗ್ಯಾಕಪ್ಪಾ ತೊಂದ್ರೆ? ನನ್ ಕೈಲಿ ಬ್ಯಾಟ್ ಇಲ್ವಾ?"

ನಾಲ್ಕನೆಯದು ಹಣೆಯ ಎತ್ತರಕ್ಕೆ ಬಂತು. ಬೀಸಿದ. ತಪ್ಪಿತು, ಒಂದು ಸ್ಟ್ರೈಕ್. ಜನ ನಕ್ಕರು. ಐದನೆಯದು ಮಣ್ಣಿಗೆ ಬಿತ್ತು, ಅದಕ್ಕೂ ಬೀಸಿದ. ನಗು ನಿಂತಿತು. ಆರನೆಯದು ಎಷ್ಟು ದೂರ ಹೋಯಿತೆಂದರೆ ಒಂದೇ ಕೈಯಲ್ಲಿ ಬ್ಯಾಟು ಚಾಚಿ ಬೀಸಿ, ಕಾಲು ಸೋತು ಕುಸಿದ. ಇಷಿಮೊರಿ ಹಾರಿ ಚೆಂಡು ಹಿಡಿದ. ಮೂರನೆಯ ಸ್ಟ್ರೈಕ್.

"ಔಟ್" ಎಂದೆ. ಆ ಮಾತು ಅಷ್ಟು ಹಗುರವಾಗಿ ಎಂದೂ ನನ್ನ ಬಾಯಿಂದ ಬಂದಿರಲಿಲ್ಲ.

ನಿಷಿಗಾಕಿ ಟೋಪಿ ತೆಗೆದು ಓಡಿಬಂದ. "ಕ್ಷಮಿಸಿ ತೊಕುನಾಗ ಸಾನ್. ಒಂದೂ ಸರಿಯಾಗಿ ಹಾಕ್ಲಿಲ್ಲ."

"ಯಾಕೋ ಅಳ್ತೀಯಾ? ಇಷ್ಟು ಕೆಟ್ಟದಾಗಿ ಹಾಕಿ ನನ್ನ ಔಟ್ ಮಾಡಿದೋನು ನೀನೊಬ್ನೇ. ಊರಲ್ಲಿ ಹೇಳ್ಕೋ."

ಆಮೇಲೆ ನನ್ನತ್ತ ನೋಡಿದ. "ಲೆಕ್ಕಕ್ಕೆ ಬಂತಲ್ವಾ?"

"ಬಂತು. ಎದ್ದೇಳಿ, ಮುಂದಿನವರು ಕಾಯ್ತಿದಾರೆ."

ಇಷಿಮೊರಿ ಹೆಗಲು ಕೊಟ್ಟ. ತೊಕುನಾಗ ಕುಂಟುತ್ತಾ, ಹಲ್ಲು ಕಿರಿಯುತ್ತಾ ಬೆಂಚಿನತ್ತ ಹೊರಟ.