ಸೋಮವಾರ ಮಾತ್ರ ಸೋರುವ ಗೋಡೆ

ಗಾರೆ ಕೆಲಸದಲ್ಲೇ ತಲೆ ನರೆಸಿಕೊಂಡ ಕಲ್ಲಪ್ಪ ಬೇಕಾದಷ್ಟು ಸೋರಿಕೆ ನೋಡಿದ್ದ. ಮಳೆಗೆ ಸೋರುವ ಮನೆ, ಟ್ಯಾಂಕು ತುಂಬಿದರೆ ಸೋರುವ ಮನೆ, ಮೇಲಿನವರು ಬಟ್ಟೆ ಒಗೆದರೆ ಕೆಳಗಿನವರ ಸಾರಿಗೆ ಹನಿ ಬೀಳುವ ಮನೆ. ಆದರೆ ವಾರ ನೋಡಿಕೊಂಡು ಸೋರುವ ಮನೆಯನ್ನು ಮಾತ್ರ ಕಂಡಿರಲಿಲ್ಲ.

"ಸೋಮವಾರ ಸೋರ್ತದೆ ಕಣಣ್ಣ," ಎಂದಳು ಕೋಮಲಾ. "ಮಳೆ ಬಂದ ದಿನ ಒಂದು ಹನಿ ಇಲ್ಲ. ಹೇಳಿದ್ರೆ ನಗ್ತಾರೆ ಅಂತ ಯಾರಿಗೂ ಹೇಳಿಲ್ಲ."

"ನಾನು ನಗಲ್ಲ ಕಣಮ್ಮ. ಮೇಲೆ ನೋಡ್ಕಂಡು ನಕ್ರೆ ಬಾಯಿಗೆ ಸುಣ್ಣ ಉದುರ್ತದೆ."

ಅಜ್ಜಂಪುರದ ಹೊರಗೆ, ತರೀಕೆರೆ ರಸ್ತೆ ಪಕ್ಕದ ತಾರಸಿ ಮನೆ ಅದು. ಎರಡು ವರ್ಷದ ಹಿಂದೆ ಪೂರ್ವದ ಗೋಡೆಗೆ ಆನಿಸಿ ಇಳಿಜಾರು ಗಾಜಿನ ಸೂರಿನ ಕೋಣೆಯೊಂದನ್ನು ಕಟ್ಟಿಸಿದ್ದರು. ಅದರೊಳಗೆ ಕೋಮಲಾ ಟ್ರೇಗಳಲ್ಲಿ ಮೆಣಸಿನಕಾಯಿ, ಟೊಮೆಟೊ, ಚೆಂಡುಹೂವಿನ ಸಸಿ ಬೆಳೆಸುತ್ತಿದ್ದಳು. ಅವಳ ಸಸಿ ಸಾಯುವುದಿಲ್ಲ ಎಂದು ಲಿಂಗದಹಳ್ಳಿ ಕಡೆಯಿಂದಲೂ ರೈತರು ಕೇಳಿಕೊಂಡು ಬರುತ್ತಿದ್ದರು. ಈಗ ಆ ಕೋಣೆಗೇ ಮಂಗಳವಾರದವರೆಗೆ ಆಯುಸ್ಸು. ಗಾಜಿನ ಸೂರು ಗೋಡೆಗೆ ಕೂಡುವ ಸಂದಿಯಲ್ಲಿ ನೀರು ಇಳಿದು, ಗೋಡೆಯಾಚೆಯ ಮಲಗುವ ಕೋಣೆಯ ಬಣ್ಣ ಸಿಪ್ಪೆಯಂತೆ ಎದ್ದು ಬರುತ್ತಿತ್ತು. ಅವಳ ಗಂಡ ರುದ್ರಮೂರ್ತಿ, ಎಲ್ಲ ಬಿಚ್ಚಿಕೊಂಡು ಹೋಗಲು ಕಡೂರಿನವನೊಬ್ಬನಿಗೆ ಹೇಳಿಬಿಟ್ಟಿದ್ದ.

"ಸಸಿ ಬೇಕಾದ್ರೆ ಬೇಲಿ ಪಕ್ಕ ಬೆಳ್ಸಿಕೋ. ಗೋಡೆ ಬಿದ್ರೆ ಇನ್ನೊಂದು ಬೆಳ್ಸಕ್ಕಾಗ್ತದಾ?" ಎಂದು ಅವನು ಬಾಗಿಲಲ್ಲೇ ನಿಂತು ಹೇಳಿದ. "ಕಲ್ಲಪ್ಪಣ್ಣ, ಏನೋ ಇವಳ ಸಮಾಧಾನಕ್ಕೆ ನೋಡು ಅಷ್ಟೇ."

ಕಲ್ಲಪ್ಪ ಆಗಲೇ ಹೊರಗೆ ಹೊರಟಿದ್ದ. ಏಣಿ ಹಾಕಿ, ಪೈಪು ಎಳೆದು, ಗಾಜಿನ ಮೇಲೆ ಅರ್ಧ ಗಂಟೆ ನೀರು ಬಿಟ್ಟ. ಕೋಮಲಾ ಒಳಗೆ ಕತ್ತೆತ್ತಿ ನಿಂತೇ ಇದ್ದಳು. ನೀರು ಸಲೀಸಾಗಿ ಜಾರಿ ಅಂಗಳಕ್ಕೆ ಹೋಯಿತು. ಒಳಗೆ ಒಂದು ಹನಿಯೂ ಇಲ್ಲ.

ಒಳಗೆ ಬಂದು ಗೋಡೆಯ ಕಲೆ ನೋಡಿದ. ಅಂಗೈ ಅಗಲದ ಪಟ್ಟಿ, ಮೇಲಿನಿಂದ ಕೆಳಗೆ ನೇರ ಇಳಿದಿತ್ತು. ಅದರ ಉದ್ದಕ್ಕೂ ಇರುವೆ ಸಾಲು. ಕಲ್ಲಪ್ಪ ಇರುವೆಗಳನ್ನು ಊದಿ, ಕಲೆಯ ಮೇಲೆ ಬೆರಳು ಒತ್ತಿ, ನಾಲಿಗೆಗೆ ಇಟ್ಟುಕೊಂಡ.

"ಅಯ್ಯೋ, ಏನಣ್ಣ ಅದು!"

"ಕೋಮಲಮ್ಮ, ನಲವತ್ತು ವರ್ಷದಲ್ಲಿ ಸಿಹಿ ಗೋಡೆ ಇದೇ ಮೊದ್ಲು ಕಣಮ್ಮ." ಅವನು ತುಟಿ ಒರೆಸಿಕೊಂಡ. "ಇವತ್ತು ಭಾನುವಾರ ಅಲ್ವಾ? ನಾಳೆ ಬೆಳಕು ಹರೀತಿದ್ದಂಗೆ ಬತ್ತೀನಿ. ಯಾರಿಗೂ ಹೇಳ್ಬೇಡ."

ಆ ದಿನವೆಲ್ಲ ಅವನಿಗೆ ಅದೇ ಯೋಚನೆ. ಜೇನು ಕಟ್ಟಿದೆಯೇ ಎಂದರೆ ಸಂದಿಯಲ್ಲಿ ಹುಳುವಿನ ಸುಳಿವಿಲ್ಲ. ಇನ್ನು ಬೆಲ್ಲ ಬೆರೆಸಿ ಗಾರೆ ಕಲಸುವ ಕಾಲದ ಮನೆಯೂ ಅಲ್ಲ ಅದು. ಆ ಗೋಡೆಗೆ ಸಿಮೆಂಟು ಮೆತ್ತಿದ್ದು ಇವನೇ. ಹೆಂಡತಿ ಊಟಕ್ಕೆ ಮೂರು ಸಲ ಕೂಗಿದ ಮೇಲೆ ಎದ್ದ.

ಸೋಮವಾರ ಆರು ಗಂಟೆಗೆ ಕಲ್ಲಪ್ಪ ಟ್ರೇಗಳ ನಡುವೆ ಕುಕ್ಕರುಗಾಲಲ್ಲಿ ಕೂತಿದ್ದ. ಅಡುಗೆಮನೆಯಲ್ಲಿ ಕೋಮಲಾ ಎಡೆಗೆ ಪಾಯಸ ಕುದಿಸುತ್ತಿದ್ದಳು. ಮಹಡಿಯ ದೇವರ ಕೋಣೆಯಲ್ಲಿ ಗಂಟೆ ಮೊಳಗಿ ನಿಂತಿತು. ಸ್ವಲ್ಪ ಹೊತ್ತಿಗೆ ತಾರಸಿಯ ಮೇಲೆ ಹೆಜ್ಜೆ ಸದ್ದು. ತಲೆಯೆತ್ತಿ ಗಾಜಿನಾಚೆ ನೋಡಿದರೆ, ಮೋಟುಗೋಡೆಯ ಮೇಲಿಂದ ಒಂದು ಕೈ, ಕೈಯಲ್ಲಿ ತಾಮ್ರದ ಬಿಂದಿಗೆ. ತುಟಿಯಲ್ಲಿ ಮಂತ್ರ, ಕಣ್ಣು ಅರೆ ಮುಚ್ಚಿದ ರುದ್ರಮೂರ್ತಿ, ಬೆಳ್ಳಗಿನ ನೀರನ್ನು ಸಣ್ಣಗೆ, ಭಕ್ತಿಯಿಂದ, ಗೋಡೆಯ ಮೈಗುಂಟ ಬಿಡುತ್ತಿದ್ದ. ನೀರು ಗೋಡೆ ಅಪ್ಪಿಕೊಂಡೇ ಇಳಿಯಿತು. ಒಳಗಡೆ ಮೊದಲ ಹನಿ ಮೂಡಿತು.

ಕಲ್ಲಪ್ಪನಿಗೆ ನಗು ತಡೆಯಲಾಗಲಿಲ್ಲ. ಶಾಲು ಬಾಯಿಗೆ ಒತ್ತಿಕೊಂಡೇ ಮೆಟ್ಟಿಲು ಹತ್ತಿದ.

"ಯಜಮಾನ್ರೇ, ಪೂಜೆ ಆಯ್ತಾ? ಸೋಮವಾರ ಪಂಚಾಮೃತದ ಅಭಿಷೇಕ ಅಂತ ಕಾಣ್ತದೆ."

"ಹೂಂ. ಪಾತ್ರೆ ತೊಳ್ದ ನೀರು ಯಾರೂ ತುಳೀಬಾರ್ದು ನೋಡು. ಮೊದ್ಲು ಕೆಳಗೆ ದಾಸವಾಳದ ಬುಡಕ್ಕೆ ಬೀಳ್ತಿತ್ತು. ಈಗ ಗಾಜಿನ ಮೇಲೆ ಹೋಗ್ತದೆ. ಗಾಜಿನ ಮೇಲೆ ಯಾರು ತುಳೀತಾರೆ?"

"ಯಾರೂ ತುಳಿಯಲ್ಲ," ಎಂದು ಕಲ್ಲಪ್ಪ ಒಪ್ಪಿಕೊಂಡ. "ಆದ್ರೆ ಅದು ಗಾಜಿಗೆ ಬೀಳ್ತಾ ಇಲ್ವಲ್ಲ. ಬಗ್ಗಿ ನೋಡಿ."

ರುದ್ರಮೂರ್ತಿ ಬಗ್ಗಿದ. ನೋಡಿದ. ಖಾಲಿ ಬಿಂದಿಗೆಯನ್ನೂ ನೋಡಿದ. ಅವನ ಕಿವಿ ಕೆಂಪಾಯಿತು.

"ಹಂಗಾದ್ರೆ ನಾನೇನಾ?"

"ಮುಕ್ಕಾಲು ನೀವು, ಕಾಲು ಆ ಗಾಜು ಹಾಕಿದ ಪುಣ್ಯಾತ್ಮ. ಮಳೆ ಪಡುವಣದಿಂದ ಬತ್ತದೆ, ಈ ಗೋಡೆಗೆ ತಾಗಲ್ಲ. ಅದಕ್ಕೇ ಇಷ್ಟು ದಿನ ಅವನ ಬಂಡವಾಳ ಬಯಲಾಗ್ಲಿಲ್ಲ. ಸಂದಿ ಮುಚ್ಚೋ ತಗಡನ್ನ ಗೋಡೆ ಮೇಲೆ ಬರೀ ಅಂಟು ಹಚ್ಚಿ ಕೂರಿಸವ್ನೆ. ಅಂಟು ಬಿಸಿಲಿಗೆ ಬಿಟ್ಟೈತೆ. ಒಂದಿನ ಮೂಡಣ ಗಾಳಿ ಬೀಸಿದ್ರೆ ಮಳೆಗೂ ಸೋರೋದೇ."

"ಅವಳಿಗೆ ಹೇಳ್ಬೇಡ ಮಾರಾಯ."

"ನಾನ್ಯಾಕೆ ಹೇಳ್ಲಿ? ಗೋಡೆ ನನ್ನ ಕೆಲಸ. ಮಿಕ್ಕಿದ್ದು ನಿಮ್ಮದು."

ಕಲ್ಲಪ್ಪ ಹಳೆಯ ತಗಡು ಕಿತ್ತ. ಗಾಜಿನ ಅಂಚಿನಿಂದ ಗೇಣುದ್ದ ಮೇಲೆ, ಬೆರಳು ಹೋಗುವಷ್ಟು ಆಳಕ್ಕೆ ಗೋಡೆಯಲ್ಲಿ ಅಡ್ಡಲಾಗಿ ಸೀಳು ಕೊರೆದ. ಹೊಸ ತಗಡಿನ ಮೇಲಿನ ಅಂಚನ್ನು ಮಡಿಸಿ ಆ ಸೀಳಿನೊಳಗೆ ತೂರಿಸಿ, ಕೆಳ ಅಂಚು ಗಾಜಿನ ಮೇಲೆ ಚಾಚಿ ನಿಲ್ಲುವಂತೆ ಬಗ್ಗಿಸಿದ. ಇನ್ನು ಗೋಡೆ ಗುಂಟ ಬಂದ ನೀರು ತಗಡಿನ ಮೇಲೆ ಇಳಿಯಬೇಕೇ ಹೊರತು ಹಿಂದೆ ನುಸುಳುವಂತಿಲ್ಲ. ಸೀಳಿನ ಬಾಯಿಗೆ ಒಳ್ಳೆಯ ಅಂಟು ತುಂಬಿ, ಬೆರಳಿನಿಂದಲೇ ನೀವಿದ. ಕೋಮಲಾ ಮೂರು ಸಲ ಕಾಫಿ ತಂದಳು. ಮೂರು ಸಲವೂ ಕೇಳಿದ್ದು ಒಂದೇ.

"ಏನಾಗಿತ್ತಣ್ಣ?"

"ತಗಡು ಅಂಟು ಬಿಟ್ಟಿತ್ತು ಕಣಮ್ಮ."

"ಇರುವೆಗೂ ಅಂಟು ಸಿಹಿನಾ?"

ಕಲ್ಲಪ್ಪ ಕಾಫಿ ಲೋಟದೊಳಗೆ ಮುಖ ಇಳಿಸಿದ.

ಅಂಟು ಒಣಗಲು ಸಂಜೆಯಾಯಿತು. ಕಲ್ಲಪ್ಪ ರುದ್ರಮೂರ್ತಿಯನ್ನೇ ತಾರಸಿಗೆ ಕಳಿಸಿ, "ಹೆಂಗೆ ಬಿಡ್ತೀರೋ ಹಂಗೇ ಬಿಡಿ," ಎಂದ. ಕೋಮಲಾ ಗೋಡೆಗೆ ಅಂಗೈ ಒತ್ತಿ ನಿಂತಳು. ಒಂದು ಬಿಂದಿಗೆ. ಎರಡು. ಹತ್ತು. ಮೇಲಿಂದ ಏದುಸಿರು ಕೇಳುತ್ತಿತ್ತು.

"ಕೈ ಹೆಂಗೈತೆ?" ಎಂದ ಕಲ್ಲಪ್ಪ.

"ಒಣಗೇ ಇದೆ," ಎಂದಳು. ಆಮೇಲೆ ಗಾಜಿನಾಚೆ ಕಾಣುತ್ತಿದ್ದ ಗಂಡನ ಕೈಯನ್ನು, ಸೋಮವಾರದ ಅಭಿಷೇಕದ ಆ ಬಿಂದಿಗೆಯನ್ನು ನೋಡಿದಳು. ಏನೋ ಹೊಳೆದಂತೆ ಅವಳ ತುಟಿ ಬಿಗಿಯಿತು.

"ಏನ್ರೀ," ಎಂದು ಕೂಗಿದಳು. "ಅಷ್ಟು ಚೆನ್ನಾಗಿ ಬಿಡೋದು ಯಾವಾಗ ಕಲ್ತ್ರಿ?"

ಮೇಲಿಂದ ಬಿಂದಿಗೆ ಕೆಳಗಿಟ್ಟ ಸದ್ದಾಯಿತು. ಆಮೇಲೆ ರುದ್ರಮೂರ್ತಿ ಫೋನಿನಲ್ಲಿ, ಕೆಳಗೆ ಚೆನ್ನಾಗಿ ಕೇಳುವ ಹಾಗೆ, ಕಡೂರಿನವನಿಗೆ ಹೇಳುತ್ತಿದ್ದ: "ನಾಳೆ ಬರೋದು ಬೇಡ ಕಣಪ್ಪ. ಇಲ್ಲ, ನಾಡಿದ್ದೂ ಬೇಡ. ನಮ್ಮನೆಯವಳಿಗೆ ಆ ಕೋಣೆ ಬೇಕು."