ಶೇವಂತವ್ವನ ಮಿಶ್ರಿ ಡಬ್ಬಿ

ಕಾದ ಹೆಂಚಿನ ಮೇಲೆ ತಂಬಾಕಿನ ಎಲೆ ಕಪ್ಪಾಗುವ ವಾಸನೆ. ನನ್ನ ಬಾಲ್ಯವೆಂದರೆ ಅದೇ.

ನಾನೊಂದು ಮಿಶ್ರಿ ಡಬ್ಬಿ. ನಿಪ್ಪಾಣಿಯ ಪೇಟೆಯಲ್ಲಿ ಒಬ್ಬ ಮುದುಕ ಹಳೆಯ ಎಣ್ಣೆ ಡಬ್ಬದ ತಗಡನ್ನು ಕತ್ತರಿಸಿ, ಬಾಗಿಸಿ ನನ್ನನ್ನು ಮಾಡಿದ. ಮುಷ್ಟಿಯಲ್ಲಿ ಅಡಗುವಷ್ಟೇ ನನ್ನ ಗಾತ್ರ. ಶೇವಂತವ್ವನ ತಾಯಿ ಹುರಿದ ತಂಬಾಕನ್ನು ನುಣ್ಣಗೆ ಅರೆದು ನನ್ನಲ್ಲಿ ತುಂಬಿದಳು. ಆ ಪುಡಿಗೆ ಮಿಶ್ರಿ ಎಂದು ಹೆಸರು. ಅಲ್ಲಿನ ಹೆಂಗಸರು ಅದರಲ್ಲೇ ಹಲ್ಲು ತಿಕ್ಕುತ್ತಿದ್ದರು. ಅದು ಹಲ್ಲಿಗೆ ಔಷಧವೆಂದೇ ನಂಬಿದ್ದರು.

ಶೇವಂತವ್ವನಿಗೆ ಮದುವೆಯಾದ ಹೊಸದರಲ್ಲಿ ದವಡೆ ಹಲ್ಲು ನೋಯತೊಡಗಿತು. ತಾಯಿ ಒಂದು ಚಿಟಿಕೆ ಮಿಶ್ರಿ ಒತ್ತಿದಳು. ಒಸಡು ಜೋಮು ಹಿಡಿದು ನೋವು ಸುಮ್ಮನಾಯಿತು. ಒಳಗಿನ ಹುಳುಕು ಮಾತ್ರ ಸುಮ್ಮನಾಗಲಿಲ್ಲ. ಮಗಳು ನಕ್ಕಳೆಂದು ತಾಯಿ ಖುಷಿಪಟ್ಟು, ನನ್ನನ್ನೇ ಅವಳ ಕೈಗಿಟ್ಟಳು.

ಅಂದಿನಿಂದ ಅವಳ ಸೊಂಟವೇ ನನ್ನ ಮನೆ. ಅವಳು ಕೂಲಿಗೆ ಹೋಗುತ್ತಿದ್ದ ತಂಬಾಕಿನ ವಖಾರಿಯಲ್ಲಿ, ಆ ದೊಡ್ಡ ಗೋದಾಮಿನಲ್ಲಿ, ಹೆಂಗಸರು ಸಾಲಾಗಿ ಕೂತು ಎಲೆ ಆರಿಸುತ್ತಿದ್ದರು. ಅಲ್ಲೊಂದು ರೂಢಿಯಿತ್ತು: ಯಾರಾದರೂ ಅಂಗೈ ಚಾಚಿದರೆ ಮಿಶ್ರಿ ಇಲ್ಲವೆನ್ನಬಾರದು. ಶೇವಂತವ್ವ ಎಂದೂ ಇಲ್ಲವೆಂದವಳಲ್ಲ. ಹೊಸದಾಗಿ ಬಂದವಳು ಸಂಕೋಚದಿಂದ ಕೂತಿದ್ದರೆ ತಾನೇ ನನ್ನ ಮುಚ್ಚಳ ತೆಗೆದು ಮುಂದಿಡುತ್ತಿದ್ದಳು. ನಾನು ಕೆಳಗಿನಿಂದ ಅವಳ ಬಾಯಿ ನೋಡುತ್ತ ಮೂವತ್ತು ವರ್ಷ ಕಳೆದೆ. ಒಸಡು ಸವೆದು ಹಲ್ಲುಗಳು ಉದ್ದವಾದವು, ಕಪ್ಪಾದವು, ಅಲ್ಲಾಡಿದವು, ಒಂದೊಂದಾಗಿ ಬಿದ್ದವು. ನನಗೆ ಹೇಳಲು ಬಾಯಿರಲಿಲ್ಲ.

ಸೊಸೆ ಕಸ್ತೂರಿ ಆರು ತಿಂಗಳ ಬಸುರಿಯಾಗಿದ್ದಾಗ ಅವಳಿಗೂ ಹಲ್ಲುನೋವು ಬಂತು. ಒಸಡಿನಿಂದ ರಕ್ತ ಬರುತ್ತದೆಂದು ಅವಳು ಬ್ರಷ್ ಮಾಡುವುದನ್ನೇ ಬಿಟ್ಟಿದ್ದಳು. ಶೇವಂತವ್ವ ನನ್ನನ್ನು ತೆರೆದು ಹಿಡಿದಳು.

"ಒಂದ ಚಿಟಿಕಿ ಒತ್ತಿಕೋ ನನ್ನವ್ವಾ. ನೋವು ಅಲ್ಲೇ ನಿಂದರತೈತಿ."

"ಬ್ಯಾಡ್ರಿ ಅತ್ತಿ."

"ನಾ ಏನ್ ವಿಷಾ ಕೊಡಾಕತ್ತೇನೇನ?"

ಕಸ್ತೂರಿ ಅತ್ತೆಯ ಬಾಯನ್ನೇ ನೋಡಿದಳು. ಅತ್ತೆ ನಾಲ್ಕು ತಿಂಗಳಿಂದ ಖಾರ ಮುಟ್ಟದೆ, ರೊಟ್ಟಿಯನ್ನು ಹಾಲಲ್ಲಿ ನೆನೆಸಿ ತಿನ್ನುವುದನ್ನು ಅವಳು ಗಮನಿಸಿದ್ದಳು.

"ನಾ ದವಾಖಾನಿಗಿ ಹೊಂಟೇನ್ರಿ. ಒಬ್ಬಾಕಿಗೇ ಅಂಜಿಕಿ ಆಗತೈತಿ. ಜೋಡಿ ಬರ್ರಿ," ಎಂದಷ್ಟೇ ಹೇಳಿದಳು. ಅಂಜಿಕೆ ಅವಳ ಹಲ್ಲಿಗಾಗಿ ಅಲ್ಲ, ಅತ್ತೆಯ ಬಾಯಿಗಾಗಿ ಎಂದು ನನಗೆ ಗೊತ್ತು.

ಹಲ್ಲಿನ ಡಾಕ್ಟರಬಾಯಿ ಕಸ್ತೂರಿಯ ಹುಳುಕು ತುಂಬಿ, ಹಲ್ಲಿನ ಪಾಚಿ ತೆಗೆದರು. "ರಕ್ತ ಬರತೈತಂತ ಬ್ರಷ್ ಬಿಟ್ಟರ ಒಸಡು ಇನ್ನಷ್ಟು ಬಾತಕೊಳ್ಳತೈತಿ. ಮೆತ್ತನ್ನ ಬ್ರಷ್ ತಗೊಂಡು ಮುಂಜಾನಿ ಒಮ್ಮೆ, ಮಲಗೂ ಮುಂದ ಒಮ್ಮೆ ಹಗುರಕ ತಿಕ್ಕು. ರಾತ್ರಿ ತಿಕ್ಕಿದ ಮ್ಯಾಲ ಬೆಲ್ಲ-ಗಿಲ್ಲ ಬಾಯಾಗ ಹಾಕಬ್ಯಾಡ."

ಆಮೇಲೆ ಶೇವಂತವ್ವನ ಸರದಿ. "ನಂದೇನ ನೋಡ್ತೀರಿ ಡಾಕ್ಟರಬಾಯಾರ, ಉಳದಾವು ಎಂಟೋ ಒಂಬತ್ತೋ."

"ನಾ ಹಲ್ಲ ಎಣಸೂದಿಲ್ಲಬೇ. ಗಲ್ಲದ ಒಳಗ ನೋಡ್ತೀನಿ."

ಕೆನ್ನೆಯ ಒಳಗೊಂದು ಬಿಳಿ ಮಚ್ಚೆಯಿತ್ತು. ಡಾಕ್ಟರಬಾಯಿ ಅದರ ಚೂರು ತೆಗೆದು ತಪಾಸಣೆಗೆ ಕಳಿಸಿದರು. ವರದಿ ಬರಲು ಎಂಟು ದಿನ ಹಿಡಿಯಿತು. ಅಷ್ಟೂ ದಿನ ಕಸ್ತೂರಿ ಅತ್ತೆಯ ಪಾಲಿನ ನೀರನ್ನೂ ತಾನೇ ತಂದಳು.

"ಕ್ಯಾನ್ಸರ್ ಅಲ್ಲ," ಎಂದರು ಡಾಕ್ಟರಬಾಯಿ. "ಆದರ ಮಿಶ್ರಿ ಬಿಡಲಿಲ್ಲಂದ್ರ ಮುಂದ ಆಗಬಹುದು. ಮೂರು ತಿಂಗಳಿಗೊಮ್ಮೆ ಬಂದು ತೋರಸಬೇಕು."

ಶೇವಂತವ್ವ ಮನೆಗೆ ಬಂದು ನನ್ನನ್ನು ಬಚ್ಚಲಲ್ಲಿ ಬರಿದು ಮಾಡಿದಳು. ಹುಣಸೆಹಣ್ಣು ಹಚ್ಚಿ ತಿಕ್ಕಿದಳು. ಮೊದಲ ವಾರ ಅವಳಿಗೆ ಮಾತಿಗೆ ಮೊದಲು ಸಿಟ್ಟು ಬರುತ್ತಿತ್ತು. ಸೊಂಟ ಖಾಲಿಯೆನಿಸುತ್ತದೆಂದು ನನ್ನಲ್ಲಿ ಪಿನ್ನುಗಳನ್ನು ತುಂಬಿ ಸಿಕ್ಕಿಸಿಕೊಂಡಳು.

ವಖಾರಿಯಲ್ಲಿ ಪಕ್ಕದ ಬಾಳವ್ವ ಎಂದಿನಂತೆ ಅಂಗೈ ಚಾಚಿದಳು. ಇಪ್ಪತ್ತು ವರ್ಷದ ಗೆಳತಿ.

"ಇಲ್ಲ ಬಾಳವ್ವ. ಬಿಟ್ಟೇನಿ."

"ನೀ ಬಿಟ್ಟರ ಬಿಡು. ನನಗ ತಂದು ಕೊಡಾಕ ಏನಾಗೇತಿ?"

"ನಿನಗೂ ಕೊಡೂದಿಲ್ಲ. ನಿನ್ನ ಹಲ್ಲಿಗಿ ಈ ಚಟಾ ಹಚ್ಚಿದಾಕಿ ನಾನೇ. ಒಮ್ಮೆ ಬಾಯಿ ತೋರಸಿಕೊಂಡು ಬಾ."

"ದವಾಖಾನಿ ಮೆಟ್ಟಲಾ ಹತ್ತಿ ಭಾಳ ಶಾಣ್ಯಾಕಿ ಆದಿ ನೋಡ," ಎಂದು ಬಾಳವ್ವ ತನ್ನ ಗೋಣಿತಟ್ಟು ಎಳೆದುಕೊಂಡು ಆಚೆ ಹೋಗಿ ಕೂತಳು. ಉಳಿದವರೂ ಮುಖ ತಿರುಗಿಸಿದರು. ಶೇವಂತವ್ವ ಹತ್ತು ದಿನ ಒಬ್ಬಳೇ ಉಂಡಳು. ಆ ದಿನಗಳಲ್ಲಿ ಅವಳ ಕೈ ಎಷ್ಟೋ ಸಲ ನನ್ನ ಮುಚ್ಚಳದ ಮೇಲೆ ಬಂದು ನಿಂತಿತು. ನನ್ನನ್ನು ತುಂಬಿಕೊಂಡು ಬಂದಿದ್ದರೆ ಗೆಳತಿಯರು ಅಂದೇ ಮರಳುತ್ತಿದ್ದರು. ಅವಳು ತುಂಬಲಿಲ್ಲ.

ಈಗ ನನಗೆ ತುಕ್ಕು ಹಿಡಿದಿದೆ. ಸೊಂಟ ಖಾಲಿಯೆನಿಸುವುದು ನಿಂತ ಮೇಲೆ ಶೇವಂತವ್ವ ನನ್ನನ್ನು ಇಟ್ಟ ವಖಾರಿಯ ಕಿಟಕಿಯ ಗೂಡಿನಲ್ಲಿರುತ್ತೇನೆ. ಮೂವತ್ತು ವರ್ಷ ಪ್ರೀತಿಯಿಂದಲೇ ಕೆಡುಕು ಹಂಚಿದ್ದು ನಾನು. ಕೊಡುವ ಕೈಯ ಒಳ್ಳೆಯತನ ಕೊಟ್ಟ ವಸ್ತುವಿಗೆ ಬರುವುದಿಲ್ಲವೆಂದು ತಡವಾಗಿ ತಿಳಿಯಿತು.

ಹನ್ನೊಂದನೆಯ ದಿನದ್ದು ಮಾತ್ರ ಹೇಳಿಬಿಡುತ್ತೇನೆ. ಊಟದ ಹೊತ್ತಿಗೆ ಬಾಳವ್ವ ಬಂದು ಪಕ್ಕದಲ್ಲಿ ಕೂತಳು. ಅವಳ ಬಾಯಲ್ಲಿ ಲವಂಗದೆಣ್ಣೆಯ ವಾಸನೆಯಿತ್ತು. ಒಂದು ಹಲ್ಲು ಕೀಳಿಸಿಕೊಂಡು ಬಂದಿದ್ದಳು. ತನ್ನ ಬುತ್ತಿ ಬಿಚ್ಚಿ, ಖಾರ ಹಾಕದ ಜೋಳದ ನುಚ್ಚಿಗೆ ಮಜ್ಜಿಗೆ ಸುರಿದು, ಮೆತ್ತಗೆ ಕಲಸಿ, ತಾಟನ್ನು ಶೇವಂತವ್ವನ ಕೈಗೆ ಕೊಟ್ಟಳು.