ತಮ್ಮನ ಪಾಲಿನ ದಾರಿ

ತಮ್ಮ ತೀರಿಕೊಂಡ ಸುದ್ದಿ ಬಂದಾಗ ಅಕ್ಕ ಯಾತ್ರೆಯವರು ರಾತ್ರಿ ತಂಗಿದ್ದ ಶಾಲೆಯೊಂದರ ಕೋಣೆಯಲ್ಲಿ ಕುಳಿತು ಲಾಟೀನಿನ ಗಾಜು ಒರೆಸುತ್ತಿದ್ದರು. ಹೊರಗೆ ಸರೋವರದ ಮೇಲಿನ ಮಂಜು ಇನ್ನೂ ಕರಗಿರಲಿಲ್ಲ. ಫೋನಿನಲ್ಲಿ ನಾದಿನಿ, ತಮ್ಮನ ಹೆಂಡತಿ.

“ಅತ್ತಿಗೆ, ನಿಮ್ಮ ತಮ್ಮ ಬೆಳಿಗ್ಗೆ ಏಳಲೇ ಇಲ್ಲ. ಮಲಗಿದ ಹಾಗೇ ಇದ್ದಾರೆ.”

ಅಕ್ಕ ಬಟ್ಟೆಯನ್ನು ಮೆಲ್ಲಗೆ ಕೆಳಗಿಟ್ಟರು. “ಮಣ್ಣು ಯಾವತ್ತಮ್ಮ?”

“ನಿಮ್ಮ ಜ್ಯೋತಿ ಬರೋ ದಿನಾನೇ. ಇಷ್ಟು ದಿನ ಅದಕ್ಕೇ ಕಾಯ್ತಿದ್ರು. ಇನ್ನೊಂದು ದಿನ ಕಾಯ್ಲಿ.”

ಅದು ಕ್ರೀಡಾಕೂಟದ ಜ್ಯೋತಿ. ಉತ್ತರದ ಸರೋವರದ ದಂಡೆಯಲ್ಲಿರುವ ಸಣ್ಣ ಸಣ್ಣ ಊರುಗಳನ್ನು ಹಾದು ರಾಜಧಾನಿಯ ಮೈದಾನ ಸೇರಬೇಕಿತ್ತು. ಊರಿನವರು ಪಂಜು ಹಿಡಿದು ಓಡುತ್ತ ಒಬ್ಬರಿಂದೊಬ್ಬರಿಗೆ ದಾಟಿಸುವರು; ಹಿಂದೆ ಬರುವ ವ್ಯಾನಿನಲ್ಲಿ, ಲಾಟೀನಿನೊಳಗೆ, ಮೂಲ ಜ್ಯೋತಿ. ಪಂಜು ಆರಿದರೆ ಅದರಿಂದಲೇ ಹಚ್ಚಬೇಕು. ಆ ಲಾಟೀನು ಕಾಯುವವರು ಅಕ್ಕ. ಕಾಯುವವರು ಪಂಜು ಹಿಡಿಯುವ ಹಾಗಿಲ್ಲ. ಲಾಟೀನನ್ನು ಇನ್ನೊಬ್ಬರಿಗೆ ಒಪ್ಪಿಸಿದರೆ ಆ ಯಾತ್ರೆಯಲ್ಲಿ ಮತ್ತೆ ಕೇಳುವ ಹಾಗೂ ಇಲ್ಲ.

ದಂಡೆಯ ಕೊನೆಯ ಊರಿನಲ್ಲಿ ತಮ್ಮ ದೋಣಿ ರಿಪೇರಿ ಮಾಡುತ್ತಿದ್ದ. ತನ್ನ ಷೆಡ್ಡಿನಿಂದ ದೋಣಿಗಳು ನಿಲ್ಲುವ ಕಟ್ಟೆಯವರೆಗೆ ಪಂಜು ಹಿಡಿಯುವ ಸರದಿ ಅವನದು. “ಅಕ್ಕಾ, ನಿನ್ನ ಬೆಂಕಿ ಆರಿದ್ರೆ ಹೇಳು, ನನ್ನ ಒಲೆಯಿಂದ ಕೆಂಡ ಕೊಡ್ತೀನಿ” ಎಂದು ಫೋನಿನಲ್ಲಿ ರೇಗಿಸುತ್ತಿದ್ದ.

ಯಾತ್ರೆಯ ಮೇಲ್ವಿಚಾರಕರು ಬಂದು ತಲೆ ತಗ್ಗಿಸಿ ನಿಂತರು. “ಕಾರು ಕೊಡ್ತೀನಿ, ಈಗಲೇ ಹೊರಡಿ. ಅವರ ಪಾಲಿನ ದಾರೀನ ವ್ಯಾನಲ್ಲೇ ದಾಟಿಸ್ತೀವಿ. ಮನೆಯವರು ಪಂಜು ಹಿಡೀಬಹುದು, ಆದ್ರೆ ಅವರ ಹೆಂಡತಿಗೆ ಮಂಡಿನೋವು. ನೀವೋ, ಕಾಯೋರು.”

“ಅವನ ಪಾಲಿನ ದಾರಿ ವ್ಯಾನಲ್ಲಿ ಹೋಗಲ್ಲ ಸ್ವಾಮಿ, ಕಾಲಲ್ಲೇ ಹೋಗುತ್ತೆ. ಜ್ಯೋತಿ ಹೋಗೋ ಊರಿಗೇ ನಾನೂ ಹೋಗ್ಬೇಕು. ನಡೀರಿ.”

ಮುಂದಿನ ಊರಿನಲ್ಲಿ ಬೇಕರಿಯವನು ಮೈಯೆಲ್ಲ ಹಿಟ್ಟು ಮೆತ್ತಿಕೊಂಡೇ ಓಡಿದ. ಹಲ್ಲಿನ ಡಾಕ್ಟರಮ್ಮ ಓಡಿ ಬಂದಾಗ ಜನ ತಮಾಷೆಗೆ ಕೈಯಿಂದ ಬಾಯಿ ಮುಚ್ಚಿಕೊಂಡು ನಿಂತು ಚಪ್ಪಾಳೆಗೆ ಮಾತ್ರ ಕೈ ತೆಗೆದರು. ಅಕ್ಕನಿಗೂ ನಗು ಬಂತು. ಹಿಂದೆಯೇ ಕಣ್ಣು ತುಂಬಿತು.

ಮರುದಿನ ಸರೋವರದ ಏರಿಯ ಮೇಲೆ ಬಿರುಗಾಳಿ. ರಾತ್ರಿಯೆಲ್ಲ ಪ್ರಾರ್ಥನೆಯಲ್ಲಿ ಕಳೆದಿದ್ದ ಅಕ್ಕನಿಗೆ ಲಾಟೀನು ಮಡಿಲಲ್ಲಿರುವಾಗಲೇ ಜೋಂಪು ಹತ್ತಿತು. ಕಣ್ಣು ಬಿಟ್ಟಾಗ ಊರ ಬಾಗಿಲು ಬಂದಿತ್ತು. ಪಂಜು ಹಿಡಿದಿದ್ದ ಅಂಚೆಯಣ್ಣ ಬೀಗುತ್ತ ಹೇಳಿದ: “ತಿರುವಿನಲ್ಲಿ ಆರೇ ಹೋಗಿತ್ತು ಅಕ್ಕಾ. ನಿಮ್ಮ ಡ್ರೈವರು ಚಿಟಿಕೆ ಹೊಡೆಯೋದ್ರಲ್ಲಿ ಹಚ್ಚಿಬಿಟ್ಟ.”

ಅಕ್ಕ ಲಾಟೀನಿನ ಮುಚ್ಚಳ ನೋಡಿದರು. ತಾವು ಹಾಕಿದ ದಾರದ ಗಂಟು ಹಾಗೇ ಇತ್ತು.

“ಯಾವುದರಿಂದ ಹಚ್ಚಿದ್ಯಪ್ಪಾ?”

ಡ್ರೈವರು ಜೇಬು ಮುಟ್ಟಿಕೊಂಡ. “ಲೈಟರಿಂದ. ನಿಮ್ಮನ್ನ ಎಬ್ಬಿಸೋಕೆ ಮನಸ್ಸು ಬರಲಿಲ್ಲ ಅಕ್ಕಾ. ಬೆಂಕಿಗೇನು ಜಾತಕ ಇರುತ್ತಾ?”

“ಇರುತ್ತಪ್ಪಾ. ಇಲ್ದಿದ್ರೆ ಇಷ್ಟು ದೂರ ಯಾಕೆ ಹೊತ್ತು ತರಬೇಕಿತ್ತು? ಊರೂರಿಗೆ ಒಂದೊಂದು ಬೆಂಕಿಪೊಟ್ಟಣ ಕಳಿಸಿದ್ರೆ ಸಾಕಿತ್ತು.”

ಚೌಕದಲ್ಲಿ ಬ್ಯಾಂಡಿನವರು ಶುರುಮಾಡಿಯೇ ಬಿಟ್ಟಿದ್ದರು. ಮೇಲ್ವಿಚಾರಕರು ದನಿ ತಗ್ಗಿಸಿದರು. “ಯಾರಿಗೂ ಗೊತ್ತಾಗಲ್ಲ ಅಕ್ಕಾ.”

“ನನಗೆ ಗೊತ್ತಾಯ್ತು. ಮೇಲಿರೋನಿಗೆ ಮೊದಲೇ ಗೊತ್ತಿತ್ತು. ಈ ಬೆಂಕಿ ಹಿಡ್ಕೊಂಡು ನನ್ನ ತಮ್ಮನ ಬಾಗಿಲಿಗೆ ಹೋಗಲಾರೆ.”

ಎಲ್ಲರೂ ತಿರುವಿಗೆ ಮರಳಿದರು. ಅಕ್ಕ ಗಂಟು ಬಿಚ್ಚಿ, ಸೆರಗು ಅಡ್ಡ ಹಿಡಿದು ಪಂಜು ಹಚ್ಚಿಕೊಟ್ಟರು. “ವಿಳಾಸ ತಪ್ಪಿದ ಕಾಗದಕ್ಕೆ ಎರಡು ಸಲ ಅಲೆಯೋದು ನನಗೇನು ಹೊಸದಾ?” ಎಂದು ಅಂಚೆಯಣ್ಣ ಮತ್ತೆ ಓಡಿದ.

ಕೊನೆಯ ಊರು ಬಂತು. ಷೆಡ್ಡಿನ ಮುಂದೆ ಅರ್ಧ ಡಾಂಬರು ಬಳಿದ ದೋಣಿಯೊಂದು ಬೋರಲಾಗಿ ಬಿದ್ದಿತ್ತು. ಅಕ್ಕ ಡ್ರೈವರನ್ನು ಕರೆದು ಲಾಟೀನು ಚಾಚಿದರು.

“ಹಿಡ್ಕೋ. ಇನ್ನು ನೀನೇ ಕಾಯೋನು.”

ಮೇಲ್ವಿಚಾರಕರು ಬೆಚ್ಚಿದರು. “ಕೊಟ್ಟರೆ ಮತ್ತೆ ಸಿಗಲ್ಲ. ಮೈದಾನದ ದೊಡ್ಡ ದೀಪ ಹಚ್ಚೋದು ಕಾಯೋರೇ. ಅದೂ ತಪ್ಪಿಹೋಗುತ್ತೆ.”

“ಗೊತ್ತು.”

“ಅದೂ ಇವನ ಕೈಗಾ?”

“ಒಮ್ಮೆ ಕೈ ಸುಟ್ಟುಕೊಂಡೋನೇ ಬೆಂಕಿಗೆ ಮರ್ಯಾದೆ ಕೊಡೋದು.”

ಡ್ರೈವರು ಜೇಬಿನ ಲೈಟರನ್ನು ಮೇಲ್ವಿಚಾರಕರ ಅಂಗೈಗಿಟ್ಟು, ಎರಡೂ ಕೈ ಚಾಚಿ ಲಾಟೀನು ತೆಗೆದುಕೊಂಡ.

ಓಡಿ ಬಂದವರ ಪಂಜಿನಿಂದ ತಮ್ಮನ ಪಾಲಿನ ಪಂಜನ್ನು ಹೊತ್ತಿಸಿಕೊಂಡು ಅಕ್ಕ ಹೊರಟರು; ಓಡಲಿಲ್ಲ, ನಡೆದರು. ತಮ್ಮನ ಮನೆಯ ಬಾಗಿಲು ತೆರೆದಿತ್ತು. ಮುಂದಿನ ಕೋಣೆಯಲ್ಲಿ ಅವನು ಮಲಗಿದ್ದ. ನಾದಿನಿ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು.

“ತಡ ಆಯ್ತು ಅತ್ತಿಗೆ.”

“ಸ್ವಲ್ಪ ದಾರಿ ಎರಡು ಸಲ ಬರಬೇಕಾಯ್ತಮ್ಮ.” ಪಂಜಿನ ಬೆಳಕು ಒಳಗೆ ಅವನ ಮುಖದವರೆಗೂ ಹೋಗುವಂತೆ ಎತ್ತಿ ಹಿಡಿದು ಅಕ್ಕ ಮೆಲ್ಲಗೆ ಹೇಳಿದರು: “ನಿನ್ನ ಒಲೆಯ ಕೆಂಡ ಬೇಕಾಗ್ಲಿಲ್ಲ ಕಣೋ.”

ಕಟ್ಟೆಯ ತುದಿಯಲ್ಲಿ ಮುಂದಿನವರ ಪಂಜಿಗೆ ಜ್ಯೋತಿ ಹೊತ್ತಿಸಿ, ತಮ್ಮದನ್ನು ಆರಿಸಿ ಕೆಳಗಿಟ್ಟು, ಬರಿಗೈ ಜೋಡಿಸಿ ಅಕ್ಕ ನೀರಿನತ್ತ ತಿರುಗಿದರು.

“ದೇವರೇ, ಎಷ್ಟೋ ಜನರ ದೋಣಿ ಮುಳುಗದ ಹಾಗೆ ನೋಡಿಕೊಂಡ ಕೈ ಅವನದು. ಈಗ ಅವನನ್ನು ನೀನು ದಡ ಸೇರಿಸು. ಅವನ ದಾರಿಯಲ್ಲಿ ಬೆಳಕಿರಲಿ. ನನ್ನ ತಮ್ಮನ ಆತ್ಮಕ್ಕೆ ಶಾಂತಿ ಕೊಡು.”